ಗೇರ್‌ಬಾಕ್ಸ್ ವಿಷಯ ತೀರ್ಮಾನ ಆಯ್ತು

ರೀ,

ರಾತ್ರಿಪಾಳಿ ಮುಗಿಸಿ ಬಂದು ಗೊರಕೆ ಹೊಡೆಯುತ್ತಿದ್ದೀರಿ, ಎಬ್ಬಿಸಲು ಮನಸ್ಸಾಗಲಿಲ್ಲ. ಊಟ ಮುಚ್ಚಿಟ್ಟಿದ್ದೇನೆ.

ವ್ಯಾನಿನ ಗೇರ್‌ಬಾಕ್ಸ್ ಬಿಚ್ಚಿ ರಿಪೇರಿ ಮಾಡಿಸುವುದೋ, ಬೇರೆಯದೇ ಹಾಕಿಸುವುದೋ ಎಂದು ನೀವು ಕಟಿಂಗ್ ಅಂಗಡಿಯವನಿಂದ ಹಿಡಿದು ಸೈಕಲ್ಲೂ ಇಲ್ಲದ ಪಕ್ಕದ ಮನೆಯವರವರೆಗೆ ಎಲ್ಲರನ್ನೂ ಕೇಳಿದಿರಿ. ವ್ಯಾನ್ ಓಡಿಸುವ ನನ್ನನ್ನು ಮಾತ್ರ ಕೇಳಲಿಲ್ಲ.

ನಿನ್ನೆ ನಮ್ಮ ಲಾಂಡ್ರಿಯಲ್ಲಿ ಒಗೆದ ಬೆಡ್‌ಶೀಟುಗಳನ್ನು ಆಸ್ಪತ್ರೆಗೆ ವಾಪಸ್ ಕೊಡಲು ಹೊರಟಾಗ ನಿಮ್ಮ ಅಕ್ಕನೂ ಜೊತೆಗಿದ್ದರು. "ಹಳೇದೇ ಗಟ್ಟಿ ಕಣೇ, ರಿಪೇರಿ ಮಾಡ್ಸಿದ್ರೆ ಸಾಕು" ಎಂದು ದಾರಿಯುದ್ದಕ್ಕೂ ನಿಮ್ಮ ಪಾಠವನ್ನೇ ಒಪ್ಪಿಸಿದರು. ಆಸ್ಪತ್ರೆಯ ಏರಿನಲ್ಲಿ ವ್ಯಾನ್ ನಿಂತೇಬಿಟ್ಟಿತು. ರಿವರ್ಸ್ ಬಿಟ್ಟು ಬೇರೆ ಗೇರೇ ಬೀಳಲಿಲ್ಲ. ಇಳಿಜಾರಿನಲ್ಲಿ ಉರುಳಿಸಿ ತಿರುಗಿಸಿ, ಹಿಮ್ಮುಖವಾಗಿಯೇ ಏರು ಹತ್ತಿಸಿದೆ. ಅಕ್ಕ ಕೆಳಗಿಳಿದು, ಬೆವರೊರೆಸಿಕೊಳ್ಳುತ್ತ, "ಬಾ, ಬಾ, ಇನ್ನೂ ಬಾ!" ಎಂದು ದಾರಿ ತೋರಿಸಿದರು. ಗೇಟಿನ ಕಾವಲುಗಾರ ನಾವು ವಾಪಸ್ ಹೊರಟಿದ್ದೇವೆ ಎಂದುಕೊಂಡು ಸಲಾಂ ಹೊಡೆದ.

ಮೆಕ್ಯಾನಿಕ್ ಬಂದು ನೋಡಿ, "ಒಳಗಿನ ಹಲ್ಲೆಲ್ಲ ಸವೆದೋಗಿದೆ, ಬೇರೆ ಹಾಕೋದೇ ವಾಸಿ. ಯಜಮಾನ್ರನ್ನ ಒಂದ್ಮಾತು ಕೇಳ್ಬೇಡ್ವಾ?" ಎಂದ. ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ಅಕ್ಕ, "ಅವನು ಯೋಚನೆ ಮಾಡ್ತಾನೇ ಇರ್ತಾನೆ, ನೀನು ಹಾಕಪ್ಪ" ಎಂದುಬಿಟ್ಟರು.

ಇವತ್ತು ಸಂಜೆ ಮೆಕ್ಯಾನಿಕ್ ಬಿಚ್ಚಿದ ಹಳೆಯ ಗೇರ್‌ಬಾಕ್ಸ್ ತಂದುಕೊಡುತ್ತಾನೆ. ನಾನೇ ಬೇಕೆಂದು ಹೇಳಿದ್ದೇನೆ. ಬಾಲ್ಕನಿಯಲ್ಲಿ ಗೋಣಿಚೀಲ ಹಾಸಿದೆ, ಅದರ ಮೇಲೆ ಇಡಿಸಿಕೊಳ್ಳಿ. ಸುತ್ತಲೂ ಕುರ್ಚಿ ಹಾಕಿದ್ದೇನೆ, ಫ್ಲಾಸ್ಕಿನಲ್ಲಿ ಟೀ ಇದೆ. ರಿಪೇರಿಯೋ, ಬದಲಿಯೋ ಎಂದು ಎಲ್ಲರೂ ಕೂತು ನಿಧಾನವಾಗಿ ಚರ್ಚಿಸಿ. ನನಗೇನೂ ಅವಸರವಿಲ್ಲ.