ಗೊಂಬೆಯ ಕೈಗೆ ತುರಿಕೆಯಿಲ್ಲ

ಪ್ರಯೋಗಾಲಯದ ಹಿಂದಿನ ಕೋಣೆ,
ಮಂಗಳವಾರ, ಊಟದ ಬಿಡುವು

ಪ್ರೀತಿಯ ತಮ್ಮಣ್ಣಾ,

ಹೇಗಿದ್ದೀಯೋ? ಬಿಸಿ ಎಣ್ಣೆ ಬಿದ್ದ ಕೈಯ ಉರಿ ಕಡಿಮೆಯಾಯಿತೇ, ನಿದ್ದೆ ಬರುತ್ತಿದೆಯೇ? ಪಟ್ಟಿ ಬಿಚ್ಚುವಾಗ ನೀನು ವಾರ್ಡೆಲ್ಲ ಕೇಳುವಂತೆ ಕೂಗಿದೆಯೆಂದು ಅಮ್ಮ ಫೋನಿನಲ್ಲಿ ಹೇಳಿ ತಾನೂ ಅತ್ತಳು. ಕೂಗಪ್ಪಾ, ನಾಚಿಕೆ ಯಾಕೆ.

ನಾವು ಮಾಡುತ್ತಿರುವ ಕ್ಯಾಮೆರಾ ನಿನಗೆ ಗೊತ್ತೇ ಇದೆ. ಅದು ಬಳಸುವ ಟೆರಾಹರ್ಟ್ಸ್ ಅಲೆ, ಅಂದರೆ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕು, ಒಣ ಬಟ್ಟೆಯನ್ನು ದಾಟುತ್ತದೆ, ನೀರು ಕಂಡಲ್ಲಿ ನಿಲ್ಲುತ್ತದೆ. ಹಾಗಾಗಿ ಪಟ್ಟಿ ಬಿಚ್ಚದೆಯೇ ಗಾಯ ಒದ್ದೆಯೋ ಒಣಗಿದೆಯೋ ನೋಡಬಹುದು. ಕ್ಯಾಮೆರಾದೊಳಗೆ ಅಲೆಯ ಬಿಸಿಯನ್ನು ಹಿಡಿಯುವುದು ಪುಟ್ಟ ಪುಟ್ಟ ಚುಕ್ಕಿಗಳು. ಒಂದೊಂದೂ ಕೂದಲಿಗಿಂತ ತೆಳುವಾದ ಕಾಲುಗಳ ಮೇಲೆ ನಿಂತಿರುತ್ತದೆ. ಜಗಳವೆಲ್ಲ ಆ ಕಾಲುಗಳದ್ದೇ. ಕಾಲು ತೆಳುವಾದಷ್ಟೂ ಬಿಸಿ ಸೋರದೆ ಅತಿ ಸಣ್ಣ ಸುಳಿವೂ ಸಿಗುತ್ತದೆ, ಆದರೆ ಆ ಬಿಸಿ ಇಳಿಯುವವರೆಗೆ ಕಾಯಬೇಕು, ಚಿತ್ರ ನಿಧಾನ. ದಪ್ಪ ಮಾಡಿದರೆ ಚಿತ್ರ ಥಟ್ಟನೆ ಬರುತ್ತದೆ, ಸುಳಿವು ಮಂಕು. ಅದನ್ನು ಸರಿದೂಗಿಸಲು ಚುಕ್ಕಿಯನ್ನು ದೊಡ್ಡದು ಮಾಡಿದರೆ ಚಿತ್ರ ಒರಟು. ಎಲ್ಲವೂ ಬೇಕೆಂದರೆ ಆಗುವುದಿಲ್ಲ ಕಣೋ.

ನಮ್ಮ ದೊಡ್ಡವರು, ಅಂದರೆ ಪ್ರಯೋಗಾಲಯದ ಮುಖ್ಯಸ್ಥರು, ತೆಳು ಕಾಲಿನ ಪಕ್ಷ. ಪರೀಕ್ಷೆಯಲ್ಲಿ ಗೆದ್ದದ್ದೂ ಅದೇ. ಪಟ್ಟಿಯಡಿ ಇಟ್ಟಿದ್ದ ಒದ್ದೆ ಹತ್ತಿಯ ಅಂಚೂ ಸ್ಪಷ್ಟವಾಗಿ ಕಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ಹೊಳೆಯಿತು, ಅಯ್ಯೋ, ಇಷ್ಟು ದಿನ ನಾವು ಪಟ್ಟಿ ಸುತ್ತಿದ್ದು ಪ್ಲಾಸ್ಟಿಕ್ ಗೊಂಬೆಯ ಕೈಗೆ! ಅದಕ್ಕೆ ತುರಿಕೆಯಿಲ್ಲ, ಉರಿಯಿಲ್ಲ. ಫೋಟೋ ತೆಗೆಸುವಾಗಲೆಲ್ಲ ಅಲುಗಾಡಿ ಎರಡು ತಲೆ ಬರಿಸಿಕೊಳ್ಳುತ್ತಿದ್ದ ನೀನು ನೆನಪಾದೆ. ನನ್ನ ಕೈಗೇ ಒದ್ದೆ ಹತ್ತಿಯಿಟ್ಟು ಪಟ್ಟಿ ಸುತ್ತಿ, ನಿನ್ನಂತೆ ಅಲುಗಾಡಿಸುತ್ತಾ ಕ್ಯಾಮೆರಾಕ್ಕೆ ಒಡ್ಡಿದೆ. ತೆಳು ಕಾಲಿನದರಲ್ಲಿ ಎಲ್ಲ ಕಲಸುಮೇಲೋಗರ. ದಪ್ಪ ಕಾಲಿನದರಲ್ಲಿ ಹತ್ತಿ ಒರಟಾಗಿಯಾದರೂ ಇದ್ದಲ್ಲೇ ಕಂಡಿತು. “ಇಷ್ಟು ಮಸುಕು ಚಿತ್ರ ಯಾರಿಗೆ ಬೇಕಮ್ಮಾ?” ಎಂದರು ದೊಡ್ಡವರು. “ನೋವಿರೋರಿಗೆ ಬೇಕು ಸಾರ್, ನಿಮ್ಮ ಗೊಂಬೆಗೆ ಬೇಡ” ಎಂದೆ. ಮುಖ ಗಂಟಿಕ್ಕಿದರು; ಆಮೇಲೆ ತಮ್ಮ ಕೈಯನ್ನೇ ಒಡ್ಡಿ ನೋಡಿ ಒಪ್ಪಿದರು. ದಪ್ಪ ಕಾಲೇ ಎಂದು ತೀರ್ಮಾನವಾಯಿತು. ಅದು ಸರಿಯಾಗಿ ನೋಡುತ್ತದೆ, ನನಗೆ ಅನುಮಾನವೇ ಇಲ್ಲ.

ಅಮ್ಮನಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಲು ಹೇಳು. ನಿನ್ನ ಕೈ ಬೇಗ ಗುಣವಾಗಲಿ, ಮೊದಲಿನಂತೆ ನನ್ನ ತಲೆಗೆ ಮೊಟಕುವಷ್ಟು.

ನಿನ್ನ
ಅಕ್ಕ

ಕವರು ಅಂಟಿಸುವ ಮೊದಲು: ಆ ಕ್ಯಾಮೆರಾ ಶುಕ್ರವಾರ ನಿನ್ನ ವಾರ್ಡಿಗೇ ಬರುತ್ತಿದೆ, ಜೊತೆಗೆ ನಾನೂ. ಒಣಗಿದೆ ಎಂದು ಕಂಡರೆ ಅವತ್ತು ಪಟ್ಟಿ ಬಿಚ್ಚುವುದಿಲ್ಲ ಎಂದು ಡಾಕ್ಟರಮ್ಮ ಒಪ್ಪಿದ್ದಾರೆ. ಒದ್ದೆ ಕಂಡರೆ ಬಿಚ್ಚಲೇಬೇಕು, ಹಾಗೆಂದು ಹೇಳಬೇಕಾದವಳೂ ನಾನೇ. ಆಗ ನನ್ನನ್ನು ಎಷ್ಟು ಬೇಕಾದರೂ ಬೈಯಿ ಪುಟ್ಟಾ, ಕೈ ಮಾತ್ರ ಎಳೆದುಕೊಳ್ಳಬೇಡ.