ಲೌಡ್‌ಸ್ಪೀಕರಿನಲ್ಲಿ ನಿನ್ನಪ್ಪ

ಮಾರ್ಚ್ ೧೪, ಮಧ್ಯಾಹ್ನ

ಮಗಳೇ,

‘ಅಂಥ ದನಿ ಇನ್ನು ಹುಟ್ಟೋದಿಲ್ಲ’ ಅಂತಲೋ ‘ಇನ್ನು ಕೇಳಿಸೋದಿಲ್ಲ’ ಅಂತಲೋ ಮೊನ್ನೆ ಬರೆದಿದ್ದೆಯಲ್ಲ, ಸರಿಯಾಗಿ ನೆನಪಿಲ್ಲ. ಓದಿದ ತಕ್ಷಣ ಮೊಬೈಲ್ ಮಗುಚಿಟ್ಟೆ. ಎರಡು ದಿನ ಉತ್ತರ ಕೊಡದಿದ್ದಕ್ಕೆ ಬೇಸರಪಡಬೇಡ. ಬರೆಯದೆ ಉಳಿದದ್ದು ಸಿಟ್ಟಿನಿಂದ, ದುಃಖದಿಂದಲ್ಲ.

ಹೀರೋ ಸತ್ತ, ಒಪ್ಪಿದೆ. ಮುಖ ಅವನದು, ನಡಿಗೆ ಅವನದು. ಇಪ್ಪತ್ತೆರಡು ವರ್ಷ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ನಿಂತು ಅವನ ತುಟಿಗೆ ಮಾತು ಕೊಟ್ಟವರು ನಿನ್ನಪ್ಪ. ಹೊರಗೆ ಬಾಯಿಬಿಡಬಾರದೆಂದು ನಿರ್ಮಾಪಕರು ಸಹಿ ಹಾಕಿಸಿಕೊಂಡಿದ್ದರು. ಅವರು ಹೋಗಿ ಎಂಟು ತಿಂಗಳು. ಅವತ್ತು ಬಂದವರು ಏಳು ಜನ. ಅದರಲ್ಲೊಬ್ಬ ಗ್ಯಾಸ್ ಸಿಲಿಂಡರ್ ತಂದವನು.

ಈಗ ಬೀದಿ ಮೂಲೆಯ ಮೊಬೈಲ್ ಅಂಗಡಿಯವನು ಹೀರೋನ ಫೋಟೋ ಇಟ್ಟು, ಲೌಡ್‌ಸ್ಪೀಕರಿನಲ್ಲಿ ಡೈಲಾಗ್ ಹಾಕುತ್ತಿದ್ದಾನೆ. ನಿನ್ನೆ ಬೆಳಗ್ಗೆಯಿಂದ ನಿನ್ನಪ್ಪ ಬೀದಿಯಲ್ಲಿ ನಿಂತು ಯಾರಿಗೋ ‘ನಿನ್ನ ಬಿಟ್ಟು ಎಲ್ಲಿಗೆ ಹೋಗಲಿ’ ಅನ್ನುತ್ತಿದ್ದಾರೆ. ಮೆಟ್ಟಿಲಿಳಿದು ಹೋಗಿ, ‘ಸ್ವಲ್ಪ ನಿಲ್ಲಿಸಪ್ಪಾ’ ಅಂದೆ.

‘ಆಂಟಿ, ಇವತ್ತು ಎಲ್ಲರ ಮನೇಲೂ ಸಾವು.’

‘ಈ ದನಿ ಅವನದಲ್ಲ. ನನ್ನ ಗಂಡಂದು.’

ಅವನು ನಗಲಿಲ್ಲ, ಜಗಳಕ್ಕೂ ಬರಲಿಲ್ಲ. ಅರ್ಥವಾದವನ ಹಾಗೆ ತಲೆಯಾಡಿಸಿದ. ನನಗೆ ಉರಿದದ್ದು ಅದಕ್ಕೇ. ಪಕ್ಕದಲ್ಲಿ ಅಳುತ್ತಿದ್ದ ಟೈಲರಮ್ಮ ನನ್ನ ಭುಜ ಹಿಡಿದಳು. ‘ಎಲ್ಲರಿಗೂ ಹಾಗೇ ಅಕ್ಕಾ. ನಮ್ಮ ಯಜಮಾನ್ರು ಮನೇಲಿ ಗುಂಡುಕಲ್ಲಿನ ಹಾಗಿದ್ದಾರೆ, ಆದ್ರೂ ನಂಗೂ ಇವರೇ ಗಂಡ ಅನ್ಸುತ್ತೆ.’

ಅಂಗಡಿಯವನು ನನ್ನ ಕೈಗೊಂದು ಮೇಣದಬತ್ತಿ ಕೊಟ್ಟ. ಹಚ್ಚಿದೆ ಕಣೇ. ಅಷ್ಟು ಜನರ ಎದುರು ಬಿಸಾಡುವ ಧೈರ್ಯ ಬರಲಿಲ್ಲ. ಆಮೇಲೆ ಮೇಲೆ ಬಂದು, ಕಿಟಕಿಗಳನ್ನೆಲ್ಲ ಮುಚ್ಚಿ, ನನಗೆ ನಾನೇ ಬೈದುಕೊಂಡೆ.

ನಿನಗೂ ಬೈಯಬೇಕೆಂದೇ ಕೂತೆ. ಸ್ವಂತ ಅಪ್ಪನ ದನಿಗೆ ಇನ್ನೊಬ್ಬನ ಹೆಸರಲ್ಲಿ ಅತ್ತೆಯಲ್ಲ ಅಂತ. ಆದರೆ ನೀನಾದರೂ ಏನು ಮಾಡುತ್ತೀಯ, ಮನೆಯಲ್ಲಿ ಅದನ್ನು ಕೇಳಿದ್ದೆಷ್ಟು?

ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಚೆನ್ನಾಗಿರು.

ನಿನ್ನ
ಅಮ್ಮ

ತಾ.ಕ.: ಗಂಟಲು ಕೆಲಸಕ್ಕೆ ಬೇಕು ಅಂತ ಅವರು ಮನೆಯಲ್ಲಿ ಚೀಟಿ ಬರೆದಿಡುತ್ತಿದ್ದರು. ‘ಉಪ್ಪು ಕಡಿಮೆ.’ ‘ಲೈಟ್ ಆರಿಸು.’ ಡ್ರಾಯರ್ ತುಂಬ ಅವೇ ಇವೆ, ಇವತ್ತು ಒಂದೊಂದನ್ನೇ ಓದಿದೆ. ಪ್ರೀತಿಯದು ಅನ್ನುವಂಥದ್ದು ಒಂದೂ ಇಲ್ಲ. ಏನ್ರೀ, ಊರಿಗೆಲ್ಲ ಹಂಚಿದ್ರಲ್ಲ, ನಂಗೊಂದು ಮಾತು ಎತ್ತಿಡೋಕೆ ಆಗ್ಲಿಲ್ವಾ?