ಕಪ್ಪು ಪರದೆಯ ಹಿಂದಿನ ಮಳೆ

ಭುವನಾ,

ಮೂರು ವಾರದಿಂದ ಫೋನೆತ್ತದ ಸೊಕ್ಕಿನವಳೇ, ಈ ಕಾಗದವನ್ನಾದರೂ ಪೂರ್ತಿ ಓದು. ಅರ್ಧಕ್ಕೆ ಮಡಚಿಟ್ಟರೆ ಕಳಸದ ನಿನ್ನ ರೂಮಿಗೇ ಬಂದು ಕಿವಿ ಹಿಂಡುತ್ತೇನೆ. ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದವರು ನಮ್ಮಪ್ಪ, ನಾನಲ್ಲ.

ಇನ್ನು ಯಾರ ಕಂಪ್ಯೂಟರಿಗೂ ಲಿನಕ್ಸ್ ಹಾಕಿಕೊಡುವುದಿಲ್ಲ, ನನ್ನ ಕೈಗುಣವೇ ಸರಿಯಿಲ್ಲ ಅಂದೆಯಂತೆ. ನಿನ್ನ ಕೈ ಸರಿಯಾಗಿಯೇ ಇದೆ. ಕೆಡಿಸಿದ ಕೈ ನನ್ನದು.

ಕಿಟಕಿಯ ಹತ್ತಿರದ ಕಂಪ್ಯೂಟರಿಗೆ ನೀನು ನನಗಾಗಿ, ಕಂಪ್ಯೂಟರ್ ನಡೆಸುವ ಆ ಬಿಟ್ಟಿ ಲಿನಕ್ಸಿನಲ್ಲಿ ಮಿಂಟ್ ಎಂಬ ಬಗೆಯನ್ನು ಹಾಕಿದ್ದೆ. ಹೂವಿನ ಚಿತ್ರ, ದಪ್ಪ ಅಕ್ಷರ, ಎಲ್ಲ ಕನ್ನಡದಲ್ಲಿ. ಮೂಲೆಯ ಹಳೆಯ ಡಬ್ಬಕ್ಕೆ ಮಾತ್ರ ಡೆಬಿಯನ್ ಎಂಬ ಇನ್ನೊಂದು ಬಗೆ. ನಮ್ಮದೂ ಸೇರಿ ಜಾವಳಿ ಸುತ್ತಿನ ಹನ್ನೊಂದು ಕಾಫಿ ತೋಟದವರು ಬೆಳಿಗ್ಗೆ ಮಳೆ ಅಳೆದು ಫೋನಿನಲ್ಲಿ ಕಳಿಸುವ ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಎಲ್ಲ ಅದರೊಳಗೆ ಹೋಗಿ ಕೂರುತ್ತಿತ್ತು. ಅದಕ್ಕೇಕೆ ಚಿತ್ರವಿಲ್ಲ, ಬರೀ ಕಪ್ಪು ಪರದೆ ಎಂದದ್ದಕ್ಕೆ ನೀನು, "ಅಜ್ಜಿ, ನಿಂದು ಕೂತು ನೋಡೋಕೆ, ಇದು ಹಗಲೂ ರಾತ್ರಿ ದುಡಿಯೋಕೆ. ರೋಬಸ್ಟಾ ಜಾಗಕ್ಕೆ ಅರೇಬಿಕಾ ನೆಡ್ತೀಯಾ? ಇದ್ನ ಮಾತ್ರ ಮುಟ್ಬೇಡ ಮಾರಾಯ್ತಿ" ಅಂದಿದ್ದೆ.

ಮುಟ್ಟಿದೆ. ವಸ್ತಾರೆಯಿಂದ ಬಂದ ನನ್ನ ಗೆಳತಿ ತಿಮ್ಮಮ್ಮ ಆ ಪರದೆ ನೋಡಿ, "ಏನೇ ಗಿರಿಜಾ, ಇದು ಸತ್ತು ಎಷ್ಟು ದಿನ ಆಯ್ತು?" ಎಂದು ನಕ್ಕಳು. ನನ್ನ ಮೈ ಉರಿಯಿತು. ಮರುದಿನವೇ ನಿನ್ನ ಮಿಂಟ್ ಪೆನ್‌ಡ್ರೈವ್ ಹುಡುಕಿ, ನೀನು ಮಾಡಿದ್ದನ್ನು ನೋಡಿದ್ದೆನಲ್ಲ, ಹಾಗೆಯೇ ಆ ಡಬ್ಬಕ್ಕೆ ಚುಚ್ಚಿದೆ. ಎಲ್ಲ ಅಳಿಸಲೇ ಎಂದು ಅದು ಕನ್ನಡದಲ್ಲೇ ಕೇಳಿತು ಮಗಳೇ. ಓದಿದೆ. ಓದಿಯೇ ಒತ್ತಿದೆ. ಕಪ್ಪು ಪರದೆಯಲ್ಲಿ ಅಳಿಸುವುದಕ್ಕೆ ಏನಿದೆ ಅಂದುಕೊಂಡೆ. ನಾಲ್ಕು ವರ್ಷದ ಮಳೆ ಇತ್ತು. ನಕಲಿಡಲು ಇನ್ನೊಂದು ಡಿಸ್ಕ್ ತರೋಣ ಎಂದು ನೀನು ಹೇಳಿದಾಗ, ದಂಡ ಎಂದು ತಡೆದವಳೂ ನಾನೇ.

ಆಮೇಲೆ ಮಾಡಿದ್ದು ಇದಕ್ಕಿಂತ ಕೆಟ್ಟದ್ದು. ಆ ಭಾನುವಾರ, ಮಳೆಯ ಲೆಕ್ಕವೆಲ್ಲ ಹೋಯಿತೆಂದು ಬೆಳೆಗಾರರು ನಮ್ಮ ಕಣದಲ್ಲಿ ಸೇರಿದ್ದರಲ್ಲ, ಅವರ ಮುಖಂಡ ಸಿದ್ದಬಸಪ್ಪನವರು, "ಬಿಟ್ಟಿ ಸಾಮಾನು ಹಾಕ್ಬೇಡ ಅಂದ್ರೆ ಈ ಹುಡುಗಿ ಕೇಳ್ಲಿಲ್ಲ" ಅಂದರು. ನಿನ್ನಪ್ಪ ಹಾಲೇಶನೂ ತಲೆಯಾಡಿಸಿದ. ಡಬ್ಬವನ್ನು ನೋಡಲೂ ಬಿಡದ ಆ ಗದ್ದಲದಲ್ಲಿ, ಎಲ್ಲಿ ತಪ್ಪಿತೋ ತಿಳಿಯದೆ ನೀನು ಎಲ್ಲರ ಮುಂದೆ ಕೈಮುಗಿದೆ. ಆಳುಕಾಳುಗಳನ್ನೆಲ್ಲ ಬೈಯುವ ನಾನು, ಅಳಿಸಿದವಳು ನಾನೇ ಎನ್ನುವ ಬದಲು ಲೋಟ ತೊಳೆಯುವ ನೆಪ ಮಾಡಿ ಒಳಗೆ ಹೋದೆ. ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ನಮ್ಮ ತೋಟದ ಮಳೆ ನಾನು ಪುಸ್ತಕದಲ್ಲಿ ಬರೆದದ್ದಿದೆ. ಅದನ್ನು ಕಿಟಕಿಯ ಕಂಪ್ಯೂಟರಿನಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ. ಉಳಿದ ಹತ್ತು ತೋಟದ ಮಳೆಯನ್ನು ಎಲ್ಲಿಂದ ತರಲಿ?

ಇಲ್ಲಿಯವರೆಗೆ ಬರೆದದ್ದನ್ನು ನಕಲು ಮಾಡಿ ನಿನ್ನೆ ಸಿದ್ದಬಸಪ್ಪನವರ ಕೈಗೆ ಕೊಟ್ಟೆ. ಓದಿ, ಕನ್ನಡಕ ತೆಗೆದು, "ಇದನ್ನ ಮೀಟಿಂಗಲ್ಲಿ ಓದ್ಬೇಕಾ ಅಮ್ಮಾ?" ಅಂದರು. "ಗಟ್ಟಿಯಾಗಿ ಓದಿ. ತಿಮ್ಮಮ್ಮನ್ನೂ ಕರೆಸ್ತೀನಿ" ಅಂದೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಡಿಸ್ಕ್ ತರಿಸಿದ್ದೇನೆ. ಮೂಲೆಯ ಡಬ್ಬದ ಸ್ವಿಚ್ ಆರಿಸಿಟ್ಟಿದ್ದೇನೆ. ಅದಕ್ಕೆ ಡೆಬಿಯನ್ ಹಾಕುವುದು ನಿನ್ನ ಕೈಯೇ ಆಗಬೇಕು, ಬೇರೆಯವರನ್ನು ಮುಟ್ಟಗೊಡುವುದಿಲ್ಲ. ಆ ಕೈಗೆ ಯಾವ ಕೆಟ್ಟ ಹೆಸರೂ ಅಂಟದಿರಲಿ, ನೂರು ಮನೆಯ ಕೆಲಸ ಅದರಿಂದ ಹಸನಾಗಲಿ.

ಬರುತ್ತೀಯೋ ಇಲ್ಲವೋ, ಮುಂದಿನ ತಿಂಗಳು ಹುಟ್ಟುವುದರೊಳಗೆ ಬರೆದು ತಿಳಿಸು.

ನಿನ್ನ ತಲೆ ತಗ್ಗಿಸಿದ ಅಜ್ಜಿ,
ಗಿರಿಜಾಂಬಾ